ಟಪಾಲಕ್ಕನ ಕೈಮಾತು

ಮಿಲ್ಲಿನ ನೇಯ್ಗೆಯ ಖಾನೆಯೊಳಗೆ ಬಾಯಿಗೆ ಕೆಲಸವಿರಲಿಲ್ಲ. ಬಾಗಿಲು ದಾಟಿ ಕಾಲಿಟ್ಟ ಕೂಡಲೇ ಮಗ್ಗಗಳ ಸದ್ದು ಎದೆಗೆ ಬಂದು ಗುದ್ದುತ್ತಿತ್ತು. ಪಕ್ಕದಲ್ಲಿ ನಿಂತವಳ ಕಿವಿಗೆ ಬಾಯಿಟ್ಟು ಕೂಗಿದರೂ ಅವಳಿಗೆ ಬಿಸಿಯುಸಿರು ತಾಗುತ್ತಿತ್ತೇ ಹೊರತು ಮಾತು ತಾಗುತ್ತಿರಲಿಲ್ಲ. ಹಾಗಾಗಿ ಅಲ್ಲಿಯ ಹೆಂಗಸರು ಎಂದೋ ಬಾಯಿಯನ್ನು ಬಾಗಿಲಾಚೆಯೇ ಬಿಟ್ಟು, ಕೈಯಲ್ಲಿ ಮಾತಾಡಲು ಕಲಿತಿದ್ದರು. ಹೆಬ್ಬೆರಳನ್ನು ತುಟಿಗೆ ಮುಟ್ಟಿಸಿದರೆ ನೀರು. ಕತ್ತಿನ ಹತ್ತಿರ ಕಾಲರು ಸರಿಪಡಿಸಿಕೊಂಡ ಹಾಗೆ ಬೆರಳಾಡಿಸಿದರೆ ಮ್ಯಾನೇಜರು. ಹೊಟ್ಟೆಯ ಮುಂದೆ ಅಂಗೈ ಬೋರಲು ಹಾಕಿ ಮೆಲ್ಲಗೆ ಸವರಿದರೆ ಯಾರಿಗೋ ದಿನ ತುಂಬುತ್ತಿದೆ ಎಂದು. ಗಂಡಂದಿರ ಬಗ್ಗೆ ಇದ್ದ ಸನ್ನೆಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಟಪಾಲಕ್ಕನ ಮಗ್ಗಗಳು ಖಾನೆಯ ನಟ್ಟನಡುವೆ, ಉದ್ದದ ಓಣಿಯೂ ಅಡ್ಡದ ಓಣಿಯೂ ಕೂಡುವ ಕಡೆ ಇದ್ದವು. ಈ ಗೋಡೆಯವಳು ಆ ಗೋಡೆಯವಳಿಗೆ ಏನಾದರೂ ಹೇಳಬೇಕೆಂದರೆ ನಡುವೆ ಕಬ್ಬಿಣದ ಕಂಬಗಳು, ತಿರುಗುವ ಪಟ್ಟಿಗಳು, ಮಂಜಿನಂತೆ ತೇಲುವ ಹತ್ತಿಯ ಧೂಳು. ಮಾತು ಆಕೆಯ ಕೈಗೆ ಬಂದು, ಆಕೆಯ ಕೈಯಿಂದ ಮುಂದಕ್ಕೆ ಹೋಗಬೇಕು. ಅದಕ್ಕೇ ಎಲ್ಲರೂ ಆಕೆಯನ್ನು ಟಪಾಲಕ್ಕ ಎಂದು ಕರೆಯುತ್ತಿದ್ದರು. ಮದುವೆಯಾಗಿ ಬಂದ ವರ್ಷ ಮಿಲ್ಲಿಗೆ ಸೇರಿದವಳು, ಈಗ ಅವಳ ಮಗಳೇ ಮದುವೆಯ ವಯಸ್ಸಿಗೆ ಬಂದಿದ್ದಳು. ಅಷ್ಟು ಕಾಲದಲ್ಲಿ ಸಾವು, ಹೆರಿಗೆ, ಜಗಳ, ರಾಜಿ ಎಲ್ಲ ಆ ಕೈಗಳ ಮೇಲೆಯೇ ಹಾದುಹೋಗಿದ್ದವು.

ಒಮ್ಮೆ ಒಂದು ಕೋಳಿಯ ವಿಚಾರಕ್ಕೆ ಈ ಗೋಡೆಯವಳಿಗೂ ಆ ಗೋಡೆಯವಳಿಗೂ ಜಗಳ ಹತ್ತಿತು. ಇವಳು ಬೈದದ್ದನ್ನು ಟಪಾಲಕ್ಕ ಅವಳಿಗೆ ಮುಟ್ಟಿಸಿದಳು, ಅವಳು ಬೈದದ್ದನ್ನು ಇವಳಿಗೆ. ಒಂದು ಬೈಗುಳ ಬಿಡಲಿಲ್ಲ, ಒಂದು ಸೇರಿಸಲಿಲ್ಲ. ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ. ನಡುವೆ ತುಂಡಾದ ಎಳೆಗಳನ್ನು ಗಂಟು ಹಾಕುತ್ತ, ನೂಲು ಖಾಲಿಯಾದ ಕಂಡಿಕೆ ತೆಗೆದು ಹೊಸದನ್ನು ಲಾಳಿಗೆ ತುರುಕುತ್ತ, ಇಬ್ಬರ ಏಳು ತಲೆಮಾರನ್ನೂ ಜಾಲಾಡಿದಳು. ಕೊನೆಗೆ ಜಗಳವಾಡುತ್ತಿದ್ದವರಿಗೇ ನಗು ತಡೆಯಲಿಲ್ಲ. ಕೋಳಿ ಯಾರದೆಂದು ಇವತ್ತಿಗೂ ತೀರ್ಮಾನವಾಗಿಲ್ಲ.

ಖಾನೆಯ ಒಂದು ತುದಿಯಲ್ಲಿ ಮರದ ಮೆಟ್ಟಿಲು, ಅದರ ಮೇಲೆ ಮ್ಯಾನೇಜರರ ಕೋಣೆ. ಕೆಳಗಿನ ಕೆಲಸವೆಲ್ಲ ಕಾಣಲಿ ಎಂದು ಹಿಂದಿನವರು ಯಾರೋ ಗೋಡೆಯುದ್ದಕ್ಕೂ ಗಾಜು ಹಾಕಿಸಿದ್ದರು. ಈಗಿನ ಮ್ಯಾನೇಜರರಿಗೆ ಮಗ್ಗಗಳ ಓಟ ನೋಡಿದರೆ ತಲೆ ಸುತ್ತುತ್ತಿತ್ತಂತೆ. ಅವರು ಮೇಜನ್ನು ತಿರುಗಿಸಿ ಹಾಕಿಸಿಕೊಂಡು ಗಾಜಿಗೆ ಬೆನ್ನು ಮಾಡಿ ಕೂರುತ್ತಿದ್ದರು. ಕೆಳಗಿನವರಿಗೆ ದಿನವಿಡೀ ಕಾಣುವುದು ಅವರ ತಲೆಯ ಹಿಂಭಾಗ ಮಾತ್ರ. ಅಲ್ಲಿ ಕೂದಲು ತೆಳುವಾಗುತ್ತಿರುವ ಸುದ್ದಿ ಅವರ ಮನೆಯವರಿಗಿಂತ ಮೊದಲು ಖಾನೆಗೆ ಗೊತ್ತಾಗಿತ್ತು.

ಆ ಮೆಟ್ಟಿಲು ಹತ್ತಿ ಇಳಿದವರಲ್ಲಿ ಹೆಸರಾದವನು ಹಿಂದಿನ ಯೂನಿಯನ್ ಪ್ರತಿನಿಧಿ. ಗಾಣದ ಎತ್ತಿನಂಥ ಸಾಧು ಮನುಷ್ಯ. ಹೆಂಗಸರು ಏನು ಹೇಳಿ ಕಳಿಸಿದರೂ ತಲೆಯಾಡಿಸಿ ಹೋಗುವನು. ಬಾಗಿಲು ಮುಚ್ಚಿಕೊಳ್ಳುವುದು, ಅವನು ಮ್ಯಾನೇಜರರ ಎದುರಿನ ಕುರ್ಚಿಯಲ್ಲಿ ಕೂರುವನು, ಕೆಳಗಿನಿಂದ ನೋಡಿದರೆ ಅವನ ನೆತ್ತಿ ಕೂಡ ಕಾಣಿಸದು. ಸ್ವಲ್ಪ ಹೊತ್ತಿಗೆ ಬಾಯೊರೆಸಿಕೊಳ್ಳುತ್ತ ಇಳಿದು ಬಂದು, "ಮಾತಾಡಿದ್ದೀನಿ. ನೋಡೋಣ ಅಂದಿದ್ದಾರೆ" ಎನ್ನುವನು. ಒಳಗೆ ಇವನು ಏನು ಹೇಳಿದ, ಅವರು ಏನು ಹೇಳಿದರು, ದೇವರೇ ಬಲ್ಲ. ಹೀಗೆ ಆಗಿ ಆಗಿ ಅವನಿಗೆ ನೋಡೋಣಪ್ಪ ಎಂದೇ ಹೆಸರು ನಿಂತಿತು. ಕೈಮಾತಿನಲ್ಲೂ ಅದಕ್ಕೊಂದು ಸನ್ನೆ ಹುಟ್ಟಿತು. ತೋರುಬೆರಳಿನಿಂದ ಕೆಳರೆಪ್ಪೆಯನ್ನು ಎಳೆದು ಕಣ್ಣು ಬಿಟ್ಟರೆ, ನೋಡೋಣ.

ಆ ವರ್ಷ ಬೇಸಿಗೆ ಜೋರಾಗಿತ್ತು. ಒಣಗಾಳಿಗೆ ಎಳೆ ತುಂಡಾಗಬಾರದೆಂದು ಖಾನೆಯ ಕಿಟಕಿಗಳನ್ನು ತೆರೆಯುತ್ತಿರಲಿಲ್ಲ. ನೀರಿನ ಹಂಡೆ ಇದ್ದದ್ದು ಬಾಗಿಲ ಬಳಿ. ಮಗ್ಗ ಬಿಟ್ಟು ಹೋಗುವಂತಿಲ್ಲ, ಹೋದರೆ ನೋಡಿಕೊಳ್ಳಲು ಬದಲಿಯಾಳಿಲ್ಲ. ಎಲ್ಲರಿಗಿಂತ ಹಿರಿಯಳಾದ ದೊಡ್ಡಕ್ಕ ಒಂದು ಮಧ್ಯಾಹ್ನ ನಾಲಿಗೆ ಒಣಗಿ, ಇನ್ನು ಆಗದು ಎಂದು ಹಂಡೆಯ ಕಡೆ ಹೋದಳು. ಅವಳು ಲೋಟ ಬಾಯಿಗಿಡುವಷ್ಟರಲ್ಲಿ ಇತ್ತ ಲಾಳಿ ಹಾಸುನೂಲಿನ ನಡುವೆ ಸಿಕ್ಕಿಕೊಂಡು, ಮಗ್ಗದ ಅಗಲಕ್ಕೂ ಎಳೆಗಳನ್ನು ಹರಿದುಹಾಕಿತು. ಮೇಸ್ತ್ರಿ ಓಡಿ ಬಂದ. ಸಂಜೆಯೊಳಗೆ ದೊಡ್ಡಕ್ಕನಿಗೆ ಮನೆಗೆ ಹೋಗು ಎಂದಾಯಿತು, ನಾಳೆ ಬರಬೇಡ ಎಂದಾಯಿತು. ಟಪಾಲಕ್ಕನಿಗೆ ಕೈಹಿಡಿದು ಗಂಟು ಹಾಕಲು ಕಲಿಸಿದವಳು ಅವಳೇ. ಹೊರಟಾಗ ದೊಡ್ಡಕ್ಕ ಯಾರಿಗೂ ಯಾವ ಸನ್ನೆಯನ್ನೂ ಮಾಡಲಿಲ್ಲ. ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ಹೋದಳು.

ನೋಡೋಣಪ್ಪ ಮೆಟ್ಟಿಲು ಹತ್ತಿದ, ಇಳಿದ. ಅದೇ ಮಾತು ಹೇಳಿದ. ಮುಂದಿನ ವಾರ ಅವನಿಗೆ ಬಟ್ಟೆ ತಪಾಸಣೆಯ ಕೋಣೆಯಲ್ಲಿ ಕುರ್ಚಿ ಸಿಕ್ಕಿತು. ಸದ್ದಿಲ್ಲದ, ಗಾಳಿ ಬರುವ ಕೋಣೆ. "ಯೂನಿಯನ್ನು ನನಗೆ ಇನ್ನು ಆಗಲ್ಲಮ್ಮ, ಸೊಂಟ ನೋವು" ಎಂದು ಕೈಮುಗಿದ.

ಒಂದು ಸಂಜೆ ಪಾಳಿ ಬಿಡುವ ಹೊತ್ತಿಗೆ ಯೂನಿಯನ್ನಿನ ಕಾರ್ಯದರ್ಶಿ ಸೈಕಲ್ಲಿನಲ್ಲಿ ಬಂದು ಗೇಟಿನ ಮರದ ಕೆಳಗೆ ನಿಂತ. ಹೆಂಗಸರು ಸುತ್ತ ನಿಂತರು. ಖಾನೆಯಿಂದ ಆಗಷ್ಟೇ ಬಂದವರಾದ್ದರಿಂದ ಎಲ್ಲರೂ ಕೂಗಿಕೊಂಡೇ ಮಾತಾಡುತ್ತಿದ್ದರು. ಮರದ ಹಕ್ಕಿಗಳು ಎದ್ದು ಹೋದವು.

"ಹೊಸ ಪ್ರತಿನಿಧಿ ಯಾರಾಗ್ತೀರಿ, ಹೇಳ್ರಮ್ಮ."

"ಯಾರಾದ್ರೇನು? ಮೆಟ್ಲು ಹತ್ತೋವರೆಗೆ ಹುಲಿ, ಇಳಿಯೋವಾಗ ಬೆಕ್ಕು!" ಎಂದಳು ಕೋಳಿಗಾಗಿ ಜಗಳವಾಡಿದ್ದ ಈ ಗೋಡೆಯವಳು.

"ಹಂಗಾದ್ರೆ ನೀನೇ ಹತ್ತು," ಎಂದಳು ಪಕ್ಕದವಳು.

"ನಾನು ಹತ್ತಿದ್ರೆ ಅವರ ಕಾಲರು ಹಿಡ್ಕೊಂಡೇ ಇಳಿಯೋದು. ಬೇಡ ಬಿಡು, ಮಕ್ಕಳೊಂದಿಗಳು."

ನಗು ಎದ್ದಿತು. ಅದು ಇಳಿಯುತ್ತಿದ್ದಂತೆ ಯಾರೋ, "ಟಪಾಲಕ್ಕ ಇದ್ದಾಳಲ್ಲ" ಎಂದರು. ಹೇಳಿದ್ದು ಯಾರೆಂದು ಆಕೆ ತಿರುಗಿ ನೋಡುವಷ್ಟರಲ್ಲಿ ಆ ಮಾತು ನಾಲ್ಕು ಕಡೆಯಿಂದ ಬಂತು.

"ಅಯ್ಯೋ, ನನ್ನ ಕೈಲಾಗುತ್ತಾ?" ಆಕೆ ಹಿಂದೆ ಸರಿದಳು. "ನನ್ನದು ಅಂತ ನಾನು ಎಂದಾದ್ರೂ ಒಂದು ಮಾತಾಡಿದ್ದೀನೇನ್ರೇ? ನೀವು ಕೊಟ್ಟಿದ್ದನ್ನ ತಲುಪಿಸ್ತೀನಿ, ಅಷ್ಟೇ."

"ಅದೇ ಕಣೇ ನಮಗೆ ಬೇಕಾಗಿರೋದು," ಎಂದಳು ಕೋಳಿಯವಳು. "ನಾನು ಬೈದಿದ್ದನ್ನ ಒಂದು ಚೂರೂ ಬಿಡದೆ ಅವಳಿಗೆ ಮುಟ್ಟಿಸ್ದೋಳು ನೀನು. ಉಪ್ಪು ಹಾಕ್ಲಿಲ್ಲ, ಖಾರ ಹಾಕ್ಲಿಲ್ಲ. ಮ್ಯಾನೇಜರಿಗೂ ಹಂಗೇ ಮುಟ್ಟಿಸು. ಅವರಂದಿದ್ದನ್ನ ನಮಗೆ ಹಂಗೇ ತಂದುಕೊಡು. ಅಷ್ಟು ಸಾಕು."

ಕಾರ್ಯದರ್ಶಿ ಕೈ ಎತ್ತಲು ಹೇಳಿದ. ಕೈಗಳು ಎದ್ದವು. ದಿನವೂ ದೂರದಿಂದ ಓದುವ ಆ ಕೈಗಳೆಲ್ಲ ಒಟ್ಟಿಗೆ, ಸುಮ್ಮನೆ, ಏನೂ ಹೇಳದೆ ಮೇಲೆ ನಿಂತಿದ್ದನ್ನು ಆಕೆ ಎಂದೂ ಕಂಡಿರಲಿಲ್ಲ. ಬೇಡ ಎನ್ನಲು ಬಾಯಿ ಬರಲಿಲ್ಲ.

ಮನೆಗೆ ಬಂದಾಗ ಅತ್ತೆ ಹಸುವಿಗೆ ಹುಲ್ಲು ಹಾಕುತ್ತಿದ್ದಳು. ಅತ್ತೆಯೂ ಅದೇ ಮಿಲ್ಲಿನಲ್ಲಿ ವಯಸ್ಸು ಸವೆಸಿದವಳು. ಮಗ್ಗ ಅವಳ ಕಿವಿಗಳನ್ನು ಇಟ್ಟುಕೊಂಡು ಅವಳನ್ನು ಮನೆಗೆ ಕಳಿಸಿತ್ತು. ಹಾಗಾಗಿ ಅತ್ತೆ ಸೊಸೆಯರ ಮಾತು ಮನೆಯಲ್ಲೂ ಕೈಯಲ್ಲೇ. ಬಾಯಿ ಆಡಿದರೆ ಜೊತೆಗೆ ಕೈಯೂ ಆಡಲೇಬೇಕು. ಗಂಡನಿಗೆ ಬಾಯಿ, ಅತ್ತೆಗೆ ಕೈ. ನಿದ್ದೆಯಲ್ಲಿ ಕನವರಿಸಿದರೂ ಟಪಾಲಕ್ಕನ ಬೆರಳುಗಳು ಹೊದಿಕೆಯ ಮೇಲೆ ಆಡುತ್ತವೆ ಎಂದು ಗಂಡ ಹೇಳುತ್ತಿದ್ದ. ಅವನು ಬಾವಿ ತೋಡುವವನು, ಗಟ್ಟಿ ಆಳು. ಆದರೆ ಮನೆಯೊಳಗೆ ಅವನ ಗೋಳೇ ಬೇರೆ.

"ನನ್ನ ತಲೆ ಮೇಲೆ ನೀವಿಬ್ರೂ ಸಂಸಾರ ಮಾಡ್ತೀರಿ. ಹಸು ಮಾರೋದು ನಿಮ್ಮಲ್ಲೇ ತೀರ್ಮಾನ ಆಗುತ್ತೆ, ಮಗಳ ಗಂಡು ನಿಮ್ಮಲ್ಲೇ ತೀರ್ಮಾನ ಆಗುತ್ತೆ. ನನಗೆ ಬರೀ ಗಾಳಿ ಬೀಸಿದ್ದು ಗೊತ್ತಾಗುತ್ತೆ."

ಆ ಸಂಜೆಯೂ ಹಾಗೇ ಆಯಿತು. ಸೊಸೆ ಬೆರಳುಗಳಲ್ಲಿ ಎಲ್ಲವನ್ನೂ ಹೇಳಿದಳು. ಅತ್ತೆ ಹುಲ್ಲಿನ ಕಟ್ಟು ಕೆಳಗಿಟ್ಟು ಸೊಸೆಯ ಮುಖವನ್ನೇ ನೋಡಿದಳು. ಆಮೇಲೆ ಕೈಯಲ್ಲಿ ಕೇಳಿದಳು: ಹೆದರಿಕೆಯಾ?

ಹೌದು, ಎಂದಿತು ಸೊಸೆಯ ಕೈ. ಅವರ ಬೈಗುಳಕ್ಕಲ್ಲ. ಒಳಗೆ ಹೋಗಿ, ಬಾಗಿಲು ಹಾಕಿಕೊಂಡ ಮೇಲೆ, ನಾನೂ ನೋಡೋಣಪ್ಪನ ಹಾಗೆ ಇಳಿದು ಬಂದರೆ? ಏನು ನಡೆಯಿತು ಅಂತ ನಾನು ಎಷ್ಟು ನಿಜ ಹೇಳಿದರೂ ಇವರು ನಂಬದೆ ಹೋದರೆ? ಆಮೇಲೆ ನನ್ನ ಕೈಗೆ ಯಾರು ಮಾತು ಕೊಡುತ್ತಾರೆ?

ಅತ್ತೆ ಸೊಸೆಯ ಎರಡೂ ಕೈಗಳನ್ನು ಹಿಡಿದು, ಅಂಟಿದ್ದ ಹತ್ತಿಯ ಎಳೆಗಳನ್ನು ಒಂದೊಂದಾಗಿ ಬಿಡಿಸಿ ತೆಗೆದಳು.

"ಏನಂತೆ?" ಎಂದ ಗಂಡ.

"ಏನಿಲ್ಲ."

"ಹೂಂ, ಗಾಳಿ ಬೀಸ್ತು."

ಮರುದಿನ ಬೆಳಗಿನ ಪಾಳಿ ಅರ್ಧವಾದಾಗ ಮೇಸ್ತ್ರಿ ಬಂದು ಮೇಲಕ್ಕೆ ಕೈ ತೋರಿಸಿದ. ಪಕ್ಕದವಳು ಆಕೆಯ ಮಗ್ಗಗಳನ್ನು ತನ್ನವುಗಳ ಜೊತೆಗೆ ನೋಡಿಕೊಳ್ಳಲು ಬಂದಳು. ಟಪಾಲಕ್ಕ ಕೂದಲ ಮೇಲಿನ ಧೂಳು ಕೊಡವಿ ಮೆಟ್ಟಿಲು ಹತ್ತಿದಳು. ಬಾಗಿಲು ಹಿಂದೆ ಮುಚ್ಚಿಕೊಂಡಿತು. ಸದ್ದು ಒಮ್ಮೆಲೇ ದೂರವಾಯಿತು. ನೆಲದ ಹಲಗೆಗಳು ಮಾತ್ರ ಪಾದದಡಿ ಗುಂಯ್ ಎನ್ನುತ್ತಿದ್ದವು. ಮೇಜಿನ ಮೇಲಿನ ಗಾಜಿನ ಲೋಟದಲ್ಲಿ ನೀರು ಸಣ್ಣಗೆ ನಡುಗುತ್ತಿತ್ತು.

"ಬಾಮ್ಮ, ಕೂತ್ಕೋ," ಎಂದರು ಮ್ಯಾನೇಜರು. ಸೌಮ್ಯ ಮನುಷ್ಯ, ಎಂದೂ ದನಿ ಏರಿಸಿದವರಲ್ಲ.

"ಪರವಾಗಿಲ್ಲ ಸಾರ್," ಎಂದಳು ಆಕೆ. ಮಿಲ್ಲಿನೊಳಗೆ ಕೂತು ಅಭ್ಯಾಸವಿರಲಿಲ್ಲ. ಕೂತರೆ ಏನೋ ತಪ್ಪು ಮಾಡಿದಂತೆ, ಎಲ್ಲೋ ಎಳೆ ತುಂಡಾದಂತೆ ಅನ್ನಿಸುತ್ತದೆ. ಕುರ್ಚಿಯ ಪಕ್ಕದಲ್ಲಿ ನಿಂತಳು. ನಿಂತರೆ ಮ್ಯಾನೇಜರರ ತಲೆಯ ಮೇಲಿನಿಂದ ಗಾಜು, ಗಾಜಿನಾಚೆ ಖಾನೆ.

"ದೊಡ್ಡಕ್ಕನ ವಿಷಯಕ್ಕೆ ಬಂದಿದ್ದೀನಿ ಸಾರ್!"

"ಮೆಲ್ಲಗೆ, ಮೆಲ್ಲಗೆ. ನನಗೆ ಕಿವಿ ಕೇಳಿಸುತ್ತೆ."

ಆಕೆ ನಾಚಿಕೊಂಡು ದನಿ ತಗ್ಗಿಸಿದಳು. ದನಿಯನ್ನು ಹಿಡಿದಿಟ್ಟುಕೊಳ್ಳುವುದರ ಮೇಲೆಯೇ ಮನಸ್ಸೆಲ್ಲ ಇದ್ದದ್ದರಿಂದ ಕೈಗಳ ಕಡೆ ಗಮನ ಹೋಗಲಿಲ್ಲ. ಕೈಗಳು ತಮ್ಮ ಪಾಡಿಗೆ ತಾವು ಎದ್ದವು. ಬಾಯಿ "ದೊಡ್ಡಕ್ಕ ನೀರು ಕುಡಿಯೋಕೆ ಹೋಗಿದ್ದು" ಎಂದಾಗ ಹೆಬ್ಬೆರಳು ತುಟಿ ಮುಟ್ಟಿತು. "ಮಗ್ಗ ನೋಡ್ಕೊಳ್ಳೋಕೆ ಬದಲಿಯಾಳಿಲ್ಲ" ಎಂದಾಗ ಎರಡೂ ಅಂಗೈ ಬರಿದಾಗಿ ಮಗುಚಿದವು. "ಅವಳನ್ನ ವಾಪಸ್ ಕರೀಬೇಕು, ಓಣಿಗೊಬ್ಬ ಬದಲಿಯಾಳು ಬೇಕು, ಇದು ನಮ್ಮೆಲ್ಲರ ಮಾತು" ಎಂದಾಗ ತೋಳುಗಳು ಅಗಲವಾಗಿ ಚಾಚಿ ಬಂದು ಎದೆಗೆ ಸೇರಿದವು.

ಮ್ಯಾನೇಜರು ತಲೆದೂಗಿದರು. ಹಳ್ಳಿಯ ಹೆಂಗಸು, ಮಾತಾಡುವಾಗ ಕೈ ಬೀಸುತ್ತಾಳೆ ಎಂದುಕೊಂಡಿರಬೇಕು.

"ನೀನು ಹೇಳೋದು ಅರ್ಥ ಆಗುತ್ತಮ್ಮ. ಆದ್ರೆ ದೊಡ್ಡಕ್ಕನಿಗೆ ವಯಸ್ಸಾಯ್ತು. ಹೋದ್ರೆ ಹೋಗ್ಲಿ ಬಿಡು. ಇಲ್ಲಿ ನಾವಿಬ್ರೇ ಇದ್ದೀವಿ, ಮನಸ್ಸು ಬಿಚ್ಚಿ ಹೇಳ್ತೀನಿ."

"ದೊಡ್ಡಕ್ಕನಿಗೆ ವಯಸ್ಸಾಯ್ತು, ಹೋದ್ರೆ ಹೋಗ್ಲಿ ಅಂತೀರಾ?" ಕೇಳಿದ್ದನ್ನು ಮತ್ತೊಮ್ಮೆ ಹೇಳಿ ಖಚಿತ ಮಾಡಿಕೊಳ್ಳುವುದು ಆಕೆಯ ಹಳೆಯ ರೂಢಿ. ಬಾಯಿ ಹೇಳಿತು, ಕೈ ಹೇಳಿತು.

"ಹಾಗಂತಲ್ಲ..." ಮ್ಯಾನೇಜರು ನಕ್ಕರು. "ನಿನ್ನ ವಿಷಯಕ್ಕೆ ಬರೋಣ. ಎಷ್ಟು ವರ್ಷದಿಂದ ನಿಂತುಕೊಂಡೇ ಇದ್ದೀಯ. ಕಾಲು ನೋವಿರಲ್ವಾ? ತಪಾಸಣೆ ಕೋಣೆಯಲ್ಲಿ ಇನ್ನೊಂದು ಕುರ್ಚಿ ಹಾಕಿಸ್ತೀನಿ. ಗಾಳಿ ಬೆಳಕು ಇದೆ, ಗಲಾಟೆ ಇಲ್ಲ. ಅತ್ತೆಗೆ ಆದ ಹಾಗೆ ನಿನ್ನ ಕಿವಿಗೂ ಆಗೋದು ಬೇಡ. ಈ ದೊಡ್ಡಕ್ಕನ ವಿಷಯ ಇಲ್ಲಿಗೆ ಬಿಟ್ಟುಬಿಡು."

ಆಕೆಗೆ ಆ ಕುರ್ಚಿಯ ಮೇಲೆ ಆಸೆಯಿರಲಿಲ್ಲ ಎಂದರೆ ಸುಳ್ಳಾಗುತ್ತಿತ್ತು. ಸಂಜೆ ಹೊತ್ತು ಮೊಣಕಾಲು ಮಡಿಸಲು ಆಗದೆ ಬಾಗಿಲ ಚೌಕಟ್ಟು ಹಿಡಿದು ನಿಲ್ಲುವವಳು ಆಕೆ. ಮಗಳು ಹಿಂದಿನಿಂದ ಕರೆದರೆ ಈಚೆಗೆ ಕೇಳಿಸುತ್ತಲೂ ಇರಲಿಲ್ಲ. ಬಾಯಿ ಸುಮ್ಮನಾಯಿತು.

ಕೈಗಳು ಸುಮ್ಮನಾಗಲಿಲ್ಲ. ಕೈಗೆ ಬಂದ ಮಾತನ್ನು ಮುಂದಕ್ಕೆ ದಾಟಿಸದೆ ಇಟ್ಟುಕೊಂಡು ಅವುಗಳಿಗೆ ಗೊತ್ತಿಲ್ಲ. ಕತ್ತಿನ ಬಳಿ ಕಾಲರು ಸರಿಪಡಿಸಿದ ಹಾಗೆ ಬೆರಳಾಡಿತು. ಕುರ್ಚಿಯ ಆಕಾರ ಬರೆಯಿತು. ತನ್ನ ಎದೆ ಮುಟ್ಟಿತು. ದೊಡ್ಡಕ್ಕನ ಸನ್ನೆಯಾದ ಮುಂದಲೆಯ ನರೆಗೂದಲು ತೋರಿಸಿತು, ಆಮೇಲೆ ಹಿಂದಕ್ಕೆ ಎಸೆದ ಹಾಗೆ ಬೀಸಿತು. ಆಗ ಆಕೆಗೆ ತನ್ನ ಕೈ ತಾನೇ ಕಂಡಿತು. ಬೆಚ್ಚಿ ಗಾಜಿನ ಕಡೆ ನೋಡಿದಳು.

ಇಡೀ ಖಾನೆ ಆಕೆಯನ್ನೇ ನೋಡುತ್ತಿತ್ತು. ಈ ಗೋಡೆಯಿಂದ ಆ ಗೋಡೆಯವರೆಗೆ, ಕಂಬಗಳ ಸಂದಿಯಿಂದ, ಮಗ್ಗಗಳ ಮೇಲಿನಿಂದ, ಎತ್ತಿದ ಮುಖಗಳು. ಎಲ್ಲರೂ ಎಲ್ಲವನ್ನೂ ಓದಿಯಾಗಿತ್ತು. ಓದುವ ಭರದಲ್ಲಿ ಯಾರೂ ಕೈಯಲ್ಲಿದ್ದ ಕೆಲಸದ ಕಡೆ ನೋಡಿರಲಿಲ್ಲ. ಲಾಳಿಗಳೊಳಗಿನ ಕಂಡಿಕೆಗಳು ಖಾಲಿಯಾಗುತ್ತಿದ್ದವು. ನೂಲು ಮುಗಿದರೆ ಮಗ್ಗ ತನ್ನಷ್ಟಕ್ಕೆ ನಿಲ್ಲುತ್ತದೆ. ಯಾರಾದರೂ ಬೇರೆ ಕಂಡಿಕೆ ತುಂಬುವವರೆಗೆ ನಿಂತೇ ಇರುತ್ತದೆ. ಮೂಲೆಯಲ್ಲಿ ಒಂದು ನಿಂತಿತು. ಅದರ ಪಕ್ಕದ್ದು ನಿಂತಿತು. ಆಚೆ ಓಣಿಯಲ್ಲಿ ಸಾಲಾಗಿ ನಿಂತವು. ಮುಷ್ಕರವೆಂದು ಯಾರೂ ಕೂಗಿರಲಿಲ್ಲ. ಅವರು ಬರೀ ಕೇಳಿಸಿಕೊಳ್ಳುತ್ತಿದ್ದರು.

ಟಪಾಲಕ್ಕ ಉಸಿರು ಎಳೆದುಕೊಂಡಳು. ಭಯ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಬಾಗಿಲು ಮುಚ್ಚಿದ್ದರೂ ತಾನು ಒಬ್ಬಳೇ ಇಲ್ಲ. ಈಗ ಬೇಕೆಂದೇ, ನಿಧಾನವಾಗಿ, ದೂರದ ಗೋಡೆಯವಳಿಗೂ ಕಾಣುವಂತೆ ಕೈ ಎತ್ತಿದಳು.

"ಕುರ್ಚಿ ನನಗೆ ಬೇಡ ಸಾರ್. ದೊಡ್ಡಕ್ಕ ಅವಳ ಮಗ್ಗಕ್ಕೆ ಬರಬೇಕು. ನೀರು ಕುಡಿಯೋಕೆ ಹೋದೋರ ಮಗ್ಗ ನೋಡೋಕೆ ಆಳು ಬೇಕು. ಇದು ಯಾರೋ ಕೊಟ್ಟು ಕಳಿಸಿದ ಮಾತಲ್ಲ. ನನ್ನದೂ ಇದೇ."

ಮ್ಯಾನೇಜರು ಕುರ್ಚಿಗೆ ಒರಗಿದರು. ಲೋಟದ ಕಡೆ ಕೈ ಚಾಚುತ್ತ, "ಆಯ್ತಮ್ಮ," ಎಂದರು. "ನೋಡೋಣ."

ಟಪಾಲಕ್ಕನ ತೋರುಬೆರಳು ಕಣ್ಣಿಗೆ ಹೋಯಿತು. ಕೆಳರೆಪ್ಪೆ ಎಳೆದು ಕಣ್ಣು ಬಿಟ್ಟಳು.

ಕೊನೆಯ ಮಗ್ಗ ಆಗಷ್ಟೇ ನಿಂತಿತ್ತು. ಗಾಜಿನಾಚೆಯಿಂದ ನಗು ಎದ್ದಿತು. ಮಿಲ್ಲು ಕಟ್ಟಿದಂದಿನಿಂದ ಆ ಖಾನೆಯೊಳಗೆ ಕೆಲಸದ ಹೊತ್ತಿನಲ್ಲಿ ಯಾರ ನಗುವೂ ಯಾರಿಗೂ ಕೇಳಿಸಿದ್ದಿಲ್ಲ. ಆವತ್ತು ಕೇಳಿಸಿತು. ಕೀರಲು, ಗಡಸು, ಕೆಮ್ಮು ಸೇರಿದ್ದು, ಹೊಟ್ಟೆ ಹಿಡಿದುಕೊಂಡದ್ದು, ಅಷ್ಟೂ ಒಟ್ಟಿಗೆ.

ಮ್ಯಾನೇಜರರ ಕೈ ಲೋಟದ ಮೇಲೆ ನಿಂತುಬಿಟ್ಟಿತು. ಲೋಟದ ನೀರು ಅಲ್ಲಾಡುತ್ತಿರಲಿಲ್ಲ. ಅವರು ಅದನ್ನು ಒಂದು ಗಳಿಗೆ ನೋಡಿದರು. ಆಮೇಲೆ, ಮೇಜು ತಿರುಗಿಸಿ ಹಾಕಿಸಿದಾಗಿನಿಂದ ಮೊದಲ ಸಲ, ಕುರ್ಚಿ ತಿರುಗಿಸಿ ಗಾಜಿನ ಕಡೆ ಮುಖ ಮಾಡಿದರು.

"ಇವರೆಲ್ಲ ಏನು ನೋಡ್ತಿದ್ದಾರೆ?"

"ನೀವು ಏನಂದ್ರಿ ಅಂತ ನೋಡ್ತಿದ್ದಾರೆ ಸಾರ್."

"ಏನೇನು ಹೇಳಿದೆ ಅವರಿಗೆ?"

"ನೀವು ಹೇಳಿದ್ದಷ್ಟೇ. ಒಂದು ಮಾತು ಸೇರಿಸಿಲ್ಲ."

ಅವರ ಕಿವಿ ಕೆಂಪಾಯಿತು. ಕೆಳಗೆ ಮೇಸ್ತ್ರಿ ಮಗ್ಗದಿಂದ ಮಗ್ಗಕ್ಕೆ ಓಡುತ್ತ ಕೈಕೈ ಹಿಸುಕಿಕೊಳ್ಳುತ್ತಿದ್ದ. ಅವನನ್ನು ಯಾರೂ ಗಮನಿಸಲಿಲ್ಲ.

"ದೊಡ್ಡಕ್ಕ ನಾಳೆ ಬರಲಿ," ಎಂದರು ಕೊನೆಗೆ. "ಓಣಿಗೊಬ್ಬ ಬದಲಿಯಾಳು. ಇವತ್ತೇ ಮೇಸ್ತ್ರಿಗೆ ಹೇಳ್ತೀನಿ."

ಆಕೆ ಅದನ್ನು ಇದ್ದ ಹಾಗೇ ದಾಟಿಸಿದಳು. ಕೆಳಗೆ ಕೈಗಳು ಎದ್ದವು, ಮರದ ಕೆಳಗೆ ಎದ್ದ ಹಾಗೆಯೇ. ಆಮೇಲೆ ಒಬ್ಬೊಬ್ಬರೇ ಬಗ್ಗಿ ಕಂಡಿಕೆ ತುಂಬಿದರು. ಮಗ್ಗಗಳು ಒಂದೊಂದಾಗಿ ದನಿಗೂಡಿ, ಆಕೆ ಮೆಟ್ಟಿಲು ಇಳಿಯುವಷ್ಟರಲ್ಲಿ ಖಾನೆ ಮೊದಲಿನಂತೆ ಗುಡುಗುತ್ತಿತ್ತು. ಆಕೆ ಯಾರಿಗೂ ಏನನ್ನೂ ಹೇಳಬೇಕಾಗಿರಲಿಲ್ಲ.

ಸಂಜೆ ಕಾಲುವೆಯ ಏರಿಗೆ ಬಂದಾಗ ಹೊಲದಾಚೆ ಅತ್ತೆ ಕಾಣಿಸಿದಳು. ಅತ್ತೆ ಅಷ್ಟು ಹೊತ್ತಿನಲ್ಲಿ ಎಂದೂ ಅಲ್ಲಿಯವರೆಗೆ ಬರುತ್ತಿರಲಿಲ್ಲ. ಟಪಾಲಕ್ಕ ಬುತ್ತಿಯನ್ನು ನೆಲದ ಮೇಲಿಟ್ಟು, ಎರಡೂ ಕೈ ಮೇಲೆತ್ತಿ, ಏರಿಯ ಮೇಲಿನಿಂದಲೇ ಶುರು ಮಾಡಿದಳು. ಅತ್ತೆ ಆಚೆಯಿಂದ ಕೇಳಿದಳು, ಇವಳು ಈಚೆಯಿಂದ ಹೇಳಿದಳು. ಕಣ್ಣಿನ ರೆಪ್ಪೆ ಎಳೆದದ್ದನ್ನು ಅತ್ತೆ ಮತ್ತೊಮ್ಮೆ ಮಾಡಿಸಿ ನೋಡಿದಳು. ಪಕ್ಕದ ಹೊಲದಲ್ಲಿ ಬಾವಿಯಿಂದ ಹತ್ತಿ ಬಂದ ಗಂಡ, ಮೈಯೆಲ್ಲ ಮಣ್ಣು, ಇಬ್ಬರನ್ನೂ ಅತ್ತಿತ್ತ ನೋಡಿದ.

"ಏನಾಯ್ತ್ರೇ? ನನಗೂ ಸ್ವಲ್ಪ ಬಾಯಲ್ಲಿ ಹೇಳ್ರೇ!"

"ಬಂದು ಹೇಳ್ತೀನಿ ತಡೀರಿ!" ಎಂದು ಆಕೆ ಕೂಗಿದ್ದು ಮೂರು ಹೊಲಕ್ಕೆ ಕೇಳಿಸಿತು.

ಮರುದಿನ ದೊಡ್ಡಕ್ಕ ತಲೆ ಬಾಚಿ, ಒಗೆದ ಬಟ್ಟೆ ತೊಟ್ಟು ಬಂದಳು. ತನ್ನ ಮಗ್ಗದ ಮುಂದೆ ನಿಂತು ಮರದ ಹಲಗೆಯನ್ನು ಒಮ್ಮೆ ಸವರಿದಳು. ಕೆಲಸ ಹಿಡಿದು ಇನ್ನೂ ಬೆವರು ಬಂದಿರಲಿಲ್ಲ, ಹೆಬ್ಬೆರಳನ್ನು ತುಟಿಗೆ ಮುಟ್ಟಿಸಿದಳು. ಸನ್ನೆ ಕೈಯಿಂದ ಕೈಗೆ ದಾಟಿ ಟಪಾಲಕ್ಕನಿಗೆ ಬಂತು, ಅಲ್ಲಿಂದ ಓಣಿಯ ಬದಲಿಯವಳಿಗೆ ಹೋಯಿತು. ಅವಳು ಬಂದು ಮಗ್ಗದ ಮುಂದೆ ನಿಂತಳು.

ದೊಡ್ಡಕ್ಕನಿಗೆ ಬಾಯಾರಿರಲಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಅವಳು ಹತ್ತಿರದ ಓಣಿ ಬಿಟ್ಟು, ನಡುವಿನ ಓಣಿ ಹಿಡಿದು, ಮದುವೆಮನೆಗೆ ಹೊರಟವಳ ಹಾಗೆ ನಿಧಾನವಾಗಿ ಹಂಡೆಯವರೆಗೆ ನಡೆದಳು. ಲೋಟ ತುಂಬಿಸಿ, ಗಾಜಿನ ಕೋಣೆಯ ಕಡೆ ಮುಖ ಮಾಡಿ, ಗುಟುಕು ಗುಟುಕಾಗಿ ಕುಡಿದಳು. ಮುಂಗೈಯಲ್ಲಿ ಬಾಯೊರೆಸಿಕೊಂಡಳು. ಆಮೇಲೆ ಇನ್ನೊಂದು ಲೋಟ ತುಂಬಿಸಿಕೊಂಡಳು.